ಬ್ಲೌಸ್ ಕಾಗದದ ಮೇಲೆ ಅಕ್ಕನ ಮುಖ

ನಮ್ಮ ಮನೆಯ ಹಿತ್ತಲಲ್ಲಿ ಸ್ನಾನದ ನೀರು ಕಾಯಿಸುವ ಹಳೆಯ ಒಲೆಯೊಂದಿದೆ. ಗೀಸರ್ ಬಂದ ಮೇಲೆ ಅದನ್ನು ಕಿತ್ತುಹಾಕಲು ನನ್ನ ಗಂಡ ಎರಡು ಮೂರು ಸಲ ಹೊರಟಿದ್ದರು. ನಾನು ಬಿಡಲಿಲ್ಲ. ನನ್ನ ಚಿತ್ರದ ಇದ್ದಿಲು ತಯಾರಾಗುವುದು ಆ ಒಲೆಯಲ್ಲೇ. ಹುಣಸೆಯ ಸಣ್ಣ ಕಡ್ಡಿಗಳ ತೊಗಟೆ ಕೆರೆದು, ಬೆರಳುದ್ದಕ್ಕೆ ಕತ್ತರಿಸಿ, ಖಾಲಿ ಪೌಡರ್ ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಹೊಡೆದು ಕೆಂಡದ ನಡುವೆ ಇಡಬೇಕು. ತೂತಿನಿಂದ ಮೊದಲು ದಟ್ಟ ಬಿಳಿ ಹೊಗೆ ಬರುತ್ತದೆ, ಆಮೇಲೆ ತೆಳ್ಳಗಾಗುತ್ತದೆ, ಆಮೇಲೆ ನಿಂತುಬಿಡುತ್ತದೆ. ನಿಂತ ಕೂಡಲೇ ಡಬ್ಬಿಯನ್ನು ಇಕ್ಕಳದಿಂದ ತೆಗೆದು ಮಣ್ಣಿನಲ್ಲಿ ಹೂತು ಆರಲು ಬಿಡಬೇಕು. ಅವಸರಪಟ್ಟು ಮುಚ್ಚಳ ತೆಗೆದರೆ ಗಾಳಿ ತಗುಲಿ ಕಡ್ಡಿಗಳೆಲ್ಲ ಬೂದಿ.

ಇದನ್ನು ನಾನು ಕಲಿತದ್ದು ಕೊರೊನಾದಿಂದ ಶಾಲೆಗಳು ಮುಚ್ಚಿದ್ದ ಆ ವರ್ಷ, ಫೋನಿನಲ್ಲಿ ನೋಡಿ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಕೊಟ್ಟೂರಿನಿಂದ ಹರಪನಹಳ್ಳಿ ಕಡೆಗೆ ಬಸ್ಸಿನಲ್ಲಿ ಅರ್ಧ ತಾಸು ಹೋದರೆ ನನ್ನ ಶಾಲೆ. ಚಿತ್ರ ಬರೆಯುವ ಆಸೆ ಚಿಕ್ಕಂದಿನಿಂದ ಇತ್ತು, ಆದರೆ ನನ್ನ ತವರಿನಲ್ಲಿ ಬಣ್ಣ ಕೊಂಡು ಕೊಡುವಂಥ ದಿನಗಳು ಇರಲಿಲ್ಲ. ದೊಡ್ಡವಳಾದ ಮೇಲೆ ಸಂಬಳ ಬಂತು, ಆಸೆ ಮರೆತುಹೋಯಿತು. ಆ ವರ್ಷ ಮನೆಯಲ್ಲಿ ಸುಮ್ಮನೆ ಕುಳಿತಿದ್ದಾಗ ಅದು ಮತ್ತೆ ಎದ್ದು ಬಂತು. ಅಂಗಡಿಯ ಸಾಮಾನು ಬೇಡ, ಮನೆಯಲ್ಲಿ ಏನಿದೆಯೋ ಅದರಲ್ಲೇ ಮಾಡುತ್ತೇನೆ ಎಂದು ಹಟ ಹಿಡಿದೆ. ಇದ್ದಿಲು ಒಲೆಯದಾಯಿತು. ಅಳಿಸಲು ಕಲಸಿಟ್ಟ ಚಪಾತಿ ಹಿಟ್ಟಿನ ಉಂಡೆ. ನೆರಳು ತಿಕ್ಕಲು ಬಿಗಿಯಾಗಿ ಸುತ್ತಿದ ಪೇಪರಿನ ಸುರುಳಿ. ಬರೆದದ್ದು ಉದುರದಂತೆ ಹಿಡಿದು ನಿಲ್ಲಿಸಲು ಕೆನೆ ತೆಗೆದ ಹಾಲಿಗೆ ನೀರು ಬೆರೆಸಿ ಅದನ್ನು ಚಿಮುಕಿಸುತ್ತಿದ್ದೆ. ಚಿಮುಕಿಸುವ ಬಾಟಲಿ ಅಕ್ಕನದು. ಆಕೆ ಬಟ್ಟೆಗೆ ಇಸ್ತ್ರಿ ಹಾಕುವಾಗ ನೀರು ಹೊಡೆಯಲು ಇಟ್ಟುಕೊಂಡದ್ದು.

ಅಕ್ಕ ಎಂದರೆ ನನ್ನ ಗಂಡನ ಅಕ್ಕ. ನಾನೂ ಅಕ್ಕ ಎಂದೇ ಕರೆಯುತ್ತೇನೆ. ಊರವರು ಈ ಮನೆಯನ್ನು ನನ್ನ ಗಂಡನದು ಅನ್ನುತ್ತಾರೆ, ಆದರೆ ನಿಜ ಹೇಳಬೇಕೆಂದರೆ ಅದು ಆಕೆಯ ಮನೆ. ತಾಯಿ ತೀರಿಕೊಂಡಾಗ ನನ್ನ ಗಂಡನಿಗೆ ಎಂಟು ವರ್ಷ. ಅಕ್ಕ ಹೊಲಿಗೆ ಯಂತ್ರದ ಮುಂದೆ ಕುಳಿತವಳು ತಮ್ಮ ಓದಿ, ಹಗರಿಬೊಮ್ಮನಹಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ ಹಿಡಿಯುವವರೆಗೂ ಏಳಲಿಲ್ಲ. ಆಮೇಲೂ ಏಳಲಿಲ್ಲ. ನಾನು ಮದುವೆಯಾಗಿ ಬಂದ ಮೊದಲ ವಾರವೇ ನನ್ನ ಅಳತೆ ತೆಗೆದುಕೊಂಡು ಆರು ಬ್ಲೌಸು ಹೊಲಿದುಕೊಟ್ಟಳು. ನಾನು ಚಿತ್ರ ಶುರು ಮಾಡಿದಾಗ ಮನೆಯಲ್ಲಿ ಅದನ್ನು ಹುಚ್ಚು ಅನ್ನದಿದ್ದವಳು ಆಕೆಯೊಬ್ಬಳೇ.

"ಬರಿ ಬರಿ, ಅಡಿಗಿ ನಾ ನೋಡ್ಕಂತೀನಿ," ಅನ್ನುತ್ತಿದ್ದಳು. "ಕೈ ಬಿಟ್ಟಿ ಅಂದ್ರ ಕೈ ಹೋಗತೈತಿ. ಹೊಲಿಗಿನೂ ಹಂಗ."

ಅಕ್ಕನ ಮುಖದಲ್ಲಿ, ಕೈಗಳಲ್ಲಿ ಬಿಳಿ ಮಚ್ಚೆಗಳಿವೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಿವಿಯ ಹಿಂದೆ ಒಂದು ಕಾಣಿಸಿಕೊಂಡಿತಂತೆ. ಆ ವರ್ಷವೇ ಹಂಪಸಾಗರದಿಂದ ಒಂದು ಸಂಬಂಧ ಬಂದಿತ್ತು. ಹೆಣ್ಣು ನೋಡಲು ಬಂದವರಲ್ಲಿ ಹಿರಿಯ ಹೆಂಗಸೊಬ್ಬಳು ಹೂ ಮುಡಿಸುವ ನೆಪದಲ್ಲಿ ಕೂದಲು ಎತ್ತಿ ನೋಡಿದಳು. ತಟ್ಟೆಯಲ್ಲಿ ಹಾಕಿದ್ದ ಉಪ್ಪಿಟ್ಟನ್ನು ಮುಟ್ಟದೆ ಎದ್ದು ಹೋದರು. ಇದನ್ನು ಅಕ್ಕ ನನಗೆ ಹೇಳಿದ್ದು ಒಂದೇ ಸಲ, ಅದೂ ಉಪ್ಪಿಟ್ಟಿನ ಮೇಲಿನ ಸಿಟ್ಟಿನಲ್ಲಿ. "ಅವರು ಹೋದ ಮ್ಯಾಲೆ ಅಷ್ಟೂ ಉಪ್ಪಿಟ್ಟು ನಾನ ತಿಂದೆ. ರವಾ ಸಾಲ ತಂದಿದ್ಲು ನಮ್ಮವ್ವ."

ಆಮೇಲೆ ಮಚ್ಚೆ ಕಣ್ಣಿನ ಸುತ್ತ ಬಂತು, ತುಟಿಯ ಸುತ್ತ ಬಂತು, ಬೆರಳುಗಳಿಗೆ ಇಳಿಯಿತು. ಬಹಳ ವರ್ಷ ಆಕೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡೇ ಬಜಾರಿಗೆ ಹೋಗುತ್ತಿದ್ದಳಂತೆ. ನಾನು ಬರುವ ಹೊತ್ತಿಗೆ ಅದನ್ನು ಬಿಟ್ಟಿದ್ದಳು. "ಕೊಟ್ಟೂರಿನ ಮಂದಿಗೆ ನನ್ನ ಮಖ ಬಾಯಿಪಾಠ ಆಗೈತಿ," ಅನ್ನುತ್ತಿದ್ದಳು. ಆದರೆ ಫೋಟೋಕ್ಕೆ ಮಾತ್ರ ನಿಲ್ಲುವುದಿಲ್ಲ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಆಕೆ ಎಲ್ಲಿಯೂ ಇಲ್ಲ. ಒಂದು ಫೋಟೋದ ಅಂಚಿನಲ್ಲಿ ಆಕೆಯ ಸೀರೆಯ ನೆರಿಗೆ ಮಾತ್ರ ಕಾಣುತ್ತದೆ.

ಚಿತ್ರಕ್ಕೆ ಕೂರಲು ಒಪ್ಪಿದಾಗ ಆಕೆ ಒಂದು ಷರತ್ತು ಹಾಕಿದಳು.

"ಕಲೆ ಬಿಟ್ಟು ಬರಿ."

ನನಗೆ ತಟ್ಟನೆ ಅರ್ಥವಾಗಲಿಲ್ಲ. ಆಕೆ ನಕ್ಕು ತನ್ನ ಕೆನ್ನೆ ಮುಟ್ಟಿ ತೋರಿಸಿದಳು. "ಕಲೆ ಕಲೆ ಅಂತಿಯಲ್ಲ ದಿನಾ, ಈ ಕಲೆ. ಇದನ್ನ ಬಿಟ್ಟು ಬರಿ. ಕಾಗದದ ಮ್ಯಾಲರ ಒಂದೀಟು ಚೊಲೊ ಕಾಣ್ತೀನಿ."

ನಾನು ಹಾಗೆಯೇ ಬರೆದೆ. ಭಾನುವಾರಗಳಂದು ಆಕೆ ಹೊಲಿಯುತ್ತ ಕುಳಿತಿರುತ್ತಿದ್ದಳು, ನಾನು ಹಳೆಯ ಕೇರಂ ಬೋರ್ಡಿನ ಹಿಂಬದಿಗೆ ಬಿಳಿ ಹಾಳೆ ಸಿಕ್ಕಿಸಿಕೊಂಡು ಎದುರು ಕೂರುತ್ತಿದ್ದೆ. ಹತ್ತಿಪ್ಪತ್ತು ಚಿತ್ರ ಬರೆದಿರಬೇಕು. ಪ್ರತಿಯೊಂದರಲ್ಲೂ ಮಚ್ಚೆಯಿಲ್ಲದ ಹೆಂಗಸೊಬ್ಬಳು ತಲೆ ಬಗ್ಗಿಸಿ ಹೊಲಿಯುತ್ತಿದ್ದಳು. ಅಕ್ಕ ಎಲ್ಲವನ್ನೂ ನೋಡಿ "ಚೊಲೊ ಬಂದೈತಿ" ಅನ್ನುತ್ತಿದ್ದಳು. ನನಗೆ ಮಾತ್ರ ಯಾವುದೂ ಚೊಲೊ ಅನ್ನಿಸುತ್ತಿರಲಿಲ್ಲ. ಬಿಳಿ ಕಾಗದದ ಮೇಲೆ ಇಡೀ ಮುಖವನ್ನು ಇದ್ದಿಲಿನಿಂದ ತುಂಬಬೇಕಿತ್ತು, ತುಂಬಿದಷ್ಟೂ ಅದು ಮಸಿ ಬಟ್ಟೆಯಂತೆ ಮಂಕಾಗುತ್ತಿತ್ತು.

ಶಾಲೆಗಳು ಮತ್ತೆ ತೆರೆದ ಮೇಲಿನ ಬೇಸಿಗೆ ರಜೆಯ ಒಂದು ಮಧ್ಯಾಹ್ನ, ನಾಲ್ಕು ಗಂಟೆ ಇರಬಹುದು. ಪಕ್ಕದ ಮನೆಯವರು ಗೋಡೆಗೆ ಹೊಸದಾಗಿ ಸುಣ್ಣ ಹೊಡೆಸಿದ್ದರು. ಬಿಸಿಲು ಆ ಗೋಡೆಗೆ ಬಡಿದು ನಮ್ಮ ಕಿಟಕಿಯೊಳಗೆ ಬರುತ್ತಿತ್ತು. ಅಕ್ಕ ಕಿಟಕಿಯ ಬಳಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಳು. ಆ ಬೆಳಕಿನಲ್ಲಿ ಆಕೆಯ ಮುಖವನ್ನು ನಾನು ಮೊದಲ ಸಲ ನೋಡಿದ ಹಾಗಾಯಿತು. ಬಿಳಿ ಹಾಳೆ ಮುಗಿದಿತ್ತು. ಕತ್ತರಿಸುವ ಮೇಜಿನ ಕೆಳಗೆ ಅಕ್ಕ ಅಳತೆಯ ಕಾಗದಗಳನ್ನು ಇಟ್ಟಿರುತ್ತಾಳೆ, ಒರಟಾದ ಕಂದು ಕಾಗದ. ಗಿರಾಕಿಗಳ ಬ್ಲೌಸಿನ ಅಳತೆಯನ್ನು ಅದರ ಮೇಲೆ ಗೆರೆ ಹಾಕಿ ಇಟ್ಟುಕೊಂಡರೆ ಮತ್ತೆ ಮತ್ತೆ ಅಳೆಯಬೇಕಿಲ್ಲ. ಅದರಿಂದ ದೊಡ್ಡದೊಂದು ಎಳೆದುಕೊಂಡೆ. ಒಂದು ಬದಿ ಗೆರೆಗಳಿದ್ದವು, ಇನ್ನೊಂದು ಬದಿ ಖಾಲಿ.

ಕಾಗದದ ಬಣ್ಣ ಸರಿಯಾಗಿ ಆಕೆಯ ಚರ್ಮದ ಬಣ್ಣ. ಇದ್ದಿಲಿನಿಂದ ಕೂದಲು, ಹುಬ್ಬು, ಗಲ್ಲದ ಕೆಳಗಿನ ನೆರಳು ಬರೆದೆ. ಮುಖ ಅರ್ಧ ತಾನಾಗಿಯೇ ಕಾಗದದಿಂದ ಎದ್ದು ಬಂದಿತ್ತು. ಇನ್ನು ಬೇಕಾದದ್ದು ಬಿಳಿ. ನನ್ನ ಕೈಚೀಲದಲ್ಲಿ ಶಾಲೆಯ ಸೀಮೆಸುಣ್ಣದ ತುಂಡುಗಳಿದ್ದವು. ಮೊದಲ ಬಿಳಿ ಗೆರೆ ಎಳೆಯುವಾಗ ನನಗೆ ಆಕೆಯ ಮಾತು ನೆನಪಿತ್ತು. ಮರೆತಿದ್ದೆ ಎಂದು ಹೇಳಿಕೊಳ್ಳಲು ನನಗೆ ದಾರಿಯೇ ಇಲ್ಲ. ನೆನಪಿದ್ದೇ ಎಳೆದೆ. ಕಣ್ಣಿನ ಸುತ್ತ, ತುಟಿಯ ಅಂಚಿಗೆ, ಸೂಜಿ ಹಿಡಿದ ಬೆರಳುಗಳ ಮೇಲೆ.

ಅಕ್ಕ ತಲೆ ಎತ್ತದೆ ಕೇಳಿದಳು, "ಏನ್ ಬರಿಯಾಕತ್ತಿ?"

"ಕಿಟಕಿ," ಅಂದೆ.

ಅಷ್ಟು ಒಳ್ಳೆಯ ಚಿತ್ರವನ್ನು ನಾನು ಅದಕ್ಕೆ ಮುಂಚೆ ಬರೆದಿರಲಿಲ್ಲ, ಆಮೇಲೂ ಬರೆದಿಲ್ಲ. ಆಕೆ ಹಾಲು ಕಾಯಿಸಲು ಎದ್ದು ಹೋದಾಗ ಅದಕ್ಕೆ ಹಾಲುನೀರು ಚಿಮುಕಿಸಿ, ಒಣಗಿಸಿ, ಎರಡು ಹಳೆಯ ಕ್ಯಾಲೆಂಡರುಗಳ ನಡುವೆ ಇಟ್ಟು ಅಲ್ಮೆರಾದ ಮೇಲೆ ಸೇರಿಸಿದೆ.

ಎರಡು ದಿನ ಬಿಟ್ಟು ಅಕ್ಕ ಮೇಜಿನ ಕೆಳಗೆಲ್ಲ ಹುಡುಕಾಡುತ್ತಿದ್ದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಗಿರಾಕಿಯ ಅಳತೆ ಕಾಗದ ಕಾಣುತ್ತಿರಲಿಲ್ಲ. ಆ ಹೆಂಗಸಿನ ಒಂದು ಭುಜ ಕೊಂಚ ಇಳಿಜಾರು, ಅಳತೆ ಕೂಡಿಸಲು ಅಕ್ಕ ಬಹಳ ಕಷ್ಟಪಟ್ಟಿದ್ದಳು.

"ಇಲ್ಲಿದ್ದ ಕಾಗದ ನೋಡಿದಿ ಏನು?"

"ಇಲ್ಲಕ್ಕ," ಅಂದೆ.

ಆಕೆ ನೆನಪಿನಿಂದಲೇ ಕತ್ತರಿಸಿದಳು. ತೋಳು ಬಿಗಿಯಾಯಿತು. ಎರಡು ಸಂಜೆ ಹೊಲಿಗೆ ಬಿಚ್ಚಿ ಮತ್ತೆ ಹೊಲಿದಳು. "ವಯಸ್ಸಾತು, ಸಾಮಾನು ಎಲ್ಲಿಡ್ತೀನಿ ಅನ್ನೋದ ಗೊತ್ತಾಗವಲ್ದು," ಎಂದು ತನ್ನನ್ನೇ ಬೈದುಕೊಂಡಳು. ನಾನು ಪಕ್ಕದಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿಕೊಟ್ಟೆ. ಇದನ್ನು ನೆನೆದರೆ ಈಗಲೂ ನನಗೆ ಚಿತ್ರಕ್ಕಿಂತ ಆ ದಾರ ಪೋಣಿಸಿದ್ದೇ ಹೆಚ್ಚು ನಾಚಿಕೆ ತರುತ್ತದೆ.

ಆ ವರ್ಷ ಡಿಸೆಂಬರಿನಲ್ಲಿ ಮಕ್ಕಳನ್ನು ಬಾಗಳಿಯ ಕಲ್ಲೇಶ್ವರ ಗುಡಿಗೆ ಕರೆದುಕೊಂಡು ಹೋಗಿದ್ದೆವು. ಮಕ್ಕಳು ಊಟಕ್ಕೆ ಕುಳಿತಾಗ ನಾನು ಒಂದು ಕಂಬವನ್ನು ಇದ್ದಿಲಿನಲ್ಲಿ ಬರೆಯುತ್ತಿದ್ದೆ. ಹರಪನಹಳ್ಳಿಯ ಒಂದು ಕಾಲೇಜಿನಲ್ಲಿ ಚಿತ್ರಕಲೆ ಕಲಿಸುವ ಮೇಡಂ ತಮ್ಮ ವಿದ್ಯಾರ್ಥಿಗಳೊಂದಿಗೆ ಬಂದಿದ್ದರು. ನನ್ನ ಹಿಂದೆ ನಿಂತು ನೋಡಿ, ಇದ್ದಿಲು ಎಲ್ಲಿಯದು ಎಂದು ಕೇಳಿದರು. ಹೇಳಿದೆ. ಹಾಲಿನ ವಿಷಯವನ್ನೂ ಹೇಳಿದೆ. ಅವರಿಗೆ ಬಹಳ ಹಿಗ್ಗಾಯಿತು. ಮನೆಯಲ್ಲೇ ತಮಗೆ ಸಿಕ್ಕ ಸಾಮಾನಿನಲ್ಲಿ ಚಿತ್ರ ಮಾಡುವ ಹೆಣ್ಣುಮಕ್ಕಳದ್ದೊಂದು ಪ್ರದರ್ಶನ ಮಾಡಬೇಕೆಂದಿದ್ದೇನೆ, ನಿಮ್ಮ ಚಿತ್ರಗಳ ಫೋಟೋ ಕಳಿಸಿ ಎಂದು ನಂಬರು ಕೊಟ್ಟರು.

ಎಂಟು ಫೋಟೋ ಕಳಿಸಿದೆ. ಒಲೆ, ಹೊಲಿಗೆ ಯಂತ್ರ, ಗುಡಿಯ ಕಂಬ ಇಂಥ ಏಳು ಕಳಿಸಿ ಸುಮ್ಮನಿರಬಹುದಿತ್ತು. ಆದರೆ ಆ ಏಳನ್ನು ಮಾತ್ರ ನೋಡಿ ಅವರು ನನ್ನನ್ನು ಅಳೆಯುತ್ತಾರಲ್ಲ ಎಂಬುದು ನನಗೆ ಸಹಿಸಲಾಗಲಿಲ್ಲ. ಅಲ್ಮೆರಾದ ಮೇಲಿಂದ ಅದನ್ನು ಇಳಿಸಿ, ಹಿತ್ತಲಿನ ಬೆಳಕಿಗೆ ಹಿಡಿದು ಎಂಟನೆಯ ಫೋಟೋ ತೆಗೆದೆ.

ಅರ್ಧ ಗಂಟೆಯಲ್ಲಿ ಮೇಡಂ ಫೋನು ಮಾಡಿದರು. "ಉಳಿದವು ಚೆನ್ನಾಗಿವೆ. ಆದರೆ ಈ ಕಂದು ಕಾಗದದ್ದು ಬೇರೇನೇ ಇದೆ. ಯಾರಿವರು?"

"ಗೊತ್ತಿದ್ದ ಒಬ್ಬ ಹೆಣ್ಮಗಳ್ರಿ."

"ಅವರ ಒಪ್ಪಿಗೆ ಇದೆಯಲ್ಲ?"

"ಹೂಂ ರಿ," ಅಂದೆ.

ಪ್ರದರ್ಶನ ಹರಪನಹಳ್ಳಿಯಲ್ಲಿ, ನಮ್ಮವರು ಯಾರೂ ಅಲ್ಲಿಗೆ ಹೋಗುವುದಿಲ್ಲ, ಮೂರು ದಿನದ ಮಾತು, ಆಮೇಲೆ ಮತ್ತೆ ಅಲ್ಮೆರಾದ ಮೇಲೆ ಇಟ್ಟರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಂದು ಕಾಗದದ ಚಿತ್ರವನ್ನು ಚೌಕಟ್ಟು ಹಾಕಿಸಲು ಬಸ್ ನಿಲ್ದಾಣದ ಹತ್ತಿರದ ಫ್ರೇಮ್ ಅಂಗಡಿಗೆ ಕೊಟ್ಟೆ. ಆ ಅಂಗಡಿಯ ಸಾಹೇಬರು ತಂದೆಯ ಕಾಲದಿಂದ ದೇವರ ಫೋಟೋ, ಮದುವೆ ಫೋಟೋಗಳಿಗೆ ಕಟ್ಟು ಹಾಕುವವರು. ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಪೆನ್ಸಿಲ್ ಅಲ್ರೀ ಇದು. ಏನಿದು?"

"ಒಲಿ ಇದ್ದಿಲ್ರಿ. ಮತ್ತ ಸಾಲಿ ಚಾಕ್‌ಪೀಸು."

"ಯಾ ಅಲ್ಲಾ," ಎಂದು ಮತ್ತೆ ನೋಡಿದರು. "ಸಾಗವಾನಿ ಪಟ್ಟಿ ಒಂದು ಉಳದೈತ್ರಿ ಮೇಡಂ. ಇದಕ ಅದನ್ನ ಹಾಕ್ತೀನಿ."

ನಾಲ್ಕನೆಯ ದಿನ ಶಾಲೆಯಿಂದ ಬಂದಾಗ ಸಂಜೆ ಐದೂವರೆ. ಮನೆಯಲ್ಲಿ ಯಂತ್ರದ ಸದ್ದಿರಲಿಲ್ಲ. ಅಕ್ಕ ಪಡಸಾಲೆಯಲ್ಲಿ ಮಂಚದ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಒಂದು ಚೌಕಟ್ಟು ನಿಂತಿತ್ತು. ಹಿಂದಿನ ರಟ್ಟು ಇನ್ನೂ ಬಡಿದಿರಲಿಲ್ಲ. ಕಾಗದದ ಬೆನ್ನು ಕಾಣುತ್ತಿತ್ತು, ಅದರ ಮೇಲೆ ಆಕೆಯದೇ ನೀಲಿ ಗೆರೆಗಳು, ಇಳಿಜಾರು ಭುಜ, ಆಕೆಯದೇ ಅಂಕಿಗಳು.

ಏನಾಗಿತ್ತು ಎಂಬುದು ಆಮೇಲೆ ಸಾಹೇಬರಿಂದ ಗೊತ್ತಾಯಿತು. ಗಾಜು, ಚೌಕಟ್ಟು ಕೂಡಿಸಿ, ರಟ್ಟು ಕತ್ತರಿಸುವ ಮುಂಚೆ ಅವರು ಚಿತ್ರವನ್ನು ಅಂಗಡಿಯ ಮುಂದೆ ನಿಲ್ಲಿಸಿದ್ದರು. ಬಂದವರೆಲ್ಲ ನೋಡಲಿ ಎಂಬ ಸಂತೋಷ. ಅಕ್ಕ ದಾರದ ಅಂಗಡಿಗೆ ಹೋಗುತ್ತಿದ್ದಳು. ಎದುರು ಪಾನ್ ಅಂಗಡಿಯಲ್ಲಿ ನಿಂತಿದ್ದ ಇಬ್ಬರು ಆಕೆಯನ್ನೂ ಅಂಗಡಿಯನ್ನೂ ನೋಡುತ್ತಿದ್ದರಂತೆ. ಆಕೆ ಅವರ ಕಣ್ಣು ಹೋದ ಕಡೆಗೆ ತಿರುಗಿದಳು.

"ನಾ ಅವರ ಮಖ ನೋಡ್ದೆ, ಫೋಟೋ ನೋಡ್ದೆ, ಎದ್ದು ನಿಂತುಬಿಟ್ಟೆ ರಿ," ಅಂದರು ಸಾಹೇಬರು. "ಒಳಗ ಬಂದ್ರು. ತಿರುವಿ ಹಿಂದ ನೋಡಿದ್ರು. 'ಇದು ನಮ್ಮನಿದು, ಕೊಡ್ರಿ' ಅಂದ್ರು. ಪೇಪರ್ ಸುತ್ತಿ ಕೊಡ್ತೀನಿ ತಡೀರಿ ಅಂದ್ರೂ ನಿಲ್ಲಲಿಲ್ಲ. ಸೆರಗಿನಾಗ ಮುಚ್ಚಿಕಂಡು ಹೋದ್ರು. ಅವರಿಗೆ ಹೇಳಿಲ್ಲ ಅನ್ನೋದು ನನಗ ಗೊತ್ತಿರಲಿಲ್ರೀ ಮೇಡಂ. ಗೊತ್ತಿದ್ರ ಮುಂದ ಇಡ್ತಿದ್ದಿಲ್ಲ."

ಆ ಸಂಜೆ ನಾನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಿದ್ದೆ. ಅಕ್ಕ ನನ್ನನ್ನು ನೋಡಲಿಲ್ಲ.

"ಕಿಟಕಿ ಬರಿಯಾಕತ್ತೀನಿ ಅಂದಿದ್ದಿ," ಅಂದಳು.

"ಅಕ್ಕ..."

"ಕಾಗದ ನೋಡಿಲ್ಲ ಅಂದಿದ್ದಿ. ನಾ ನನ್ನ ತಲಿ ಕೆಟ್ಟೈತಿ ಅಂದ್ಕಂಡೆ."

ನಾನು ಆಗ ಹೇಳಬಾರದ ಮಾತನ್ನೇ ಹೇಳಿದೆ. "ಅಕ್ಕ, ಅದು ಭಾಳ ಚೆಂದ ಬಂದೈತಿ. ನೀನು ಅದರಾಗ ಎಷ್ಟು ಚೆಂದ ಕಾಣ್ತಿ ಅಂದ್ರ..."

"ಚೆಂದ ಇಲ್ಲ ಅಂತ ನಾ ಅಂದ್ನೇನು?" ಆಕೆ ಈಗ ನನ್ನ ಕಡೆ ತಿರುಗಿದಳು. "ನನಗೂ ಕಣ್ಣು ಅದಾವು. ಚೆಂದ ಇದ್ರ ಕೇಳಬಾರದೇನು?"

ಹರಿದು ಹಾಕುತ್ತೇನೆ ಅಂದೆ. ಮುಂದೆ ಹೋಗಿ ಚೌಕಟ್ಟಿಗೆ ಕೈ ಹಾಕಿದೆ. ಆಕೆ ನನ್ನ ಕೈಯನ್ನು ಸರಿಸಿದಳು, ಜೋರಾಗಿ ಅಲ್ಲ. "ಹರಿಬ್ಯಾಡ. ಹರಿದ್ರ ಮಂದಿ ನೋಡಿದ್ದು ಹೋಗತೈತೇನು?" ಎಂದು ಅದನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋದಳು.

ಆ ಸಂಜೆಯೇ ಮೇಡಂಗೆ ಫೋನು ಮಾಡಿದೆ. ಒಪ್ಪಿಗೆ ಇರಲಿಲ್ಲ, ನಾನು ಸುಳ್ಳು ಹೇಳಿದ್ದೆ, ಆ ಚಿತ್ರ ಬೇಡ ಅಂದೆ. ಅದಕ್ಕೆ ಅವರು, "ಆಮಂತ್ರಣದ ಮೇಲೆ ಅದನ್ನೇ ಹಾಕಿದ್ದೇವಲ್ಲ. ಬೆಳಿಗ್ಗೆಯೇ ಎಲ್ಲ ಗ್ರೂಪುಗಳಿಗೂ ಹೋಗಿದೆ," ಅಂದರು. ಅವರು ಬೇರೆ ಆಮಂತ್ರಣ ಮಾಡಿಸಿ ಕಳಿಸಿದರು, ಹಳೆಯದನ್ನು ಅಳಿಸಲು ಎಲ್ಲರಿಗೂ ಬರೆದರು. ಅವರ ತಪ್ಪು ಇದರಲ್ಲಿ ಏನೂ ಇರಲಿಲ್ಲ. ಆದರೆ ಮೊದಲನೆಯದು ಆಗಲೇ ಹಗರಿಬೊಮ್ಮನಹಳ್ಳಿಯ ಕಚೇರಿಯಲ್ಲಿ ನನ್ನ ಗಂಡನ ಸಹೋದ್ಯೋಗಿಯ ಫೋನಿಗೆ ಬಂದಿತ್ತು. ಹಡಗಲಿಯ ನಮ್ಮ ಸಂಬಂಧಿಕರಿಗೆ ಬಂದಿತ್ತು. ನನ್ನ ಗಂಡ ಮನೆಗೆ ಬಂದು ಫೋನನ್ನು ನನ್ನ ಮುಂದೆ ಇಟ್ಟು, "ಆಕಿ ನನ್ನನ್ನ ಸಾಕ್ಯಾಳ. ಇದೊಂದು ನೆನಪಿಟ್ಕೊಬೇಕಿತ್ತು ನೀನು," ಅಂದರು. ಆಮೇಲೆ ಒಂದು ವಾರ ನನ್ನೊಡನೆ ಬೇಕಾದಷ್ಟೇ ಮಾತಾಡಿದರು.

ಬ್ಲೌಸು ತೆಗೆದುಕೊಳ್ಳಲು ಬಂದ ಹೆಂಗಸರು ಅಕ್ಕನಿಗೆ ಒಳ್ಳೆಯ ಮಾತುಗಳನ್ನೇ ಆಡಿದರು. "ನಿಮ್ಮ ಫೋಟೋ ನೋಡಿದ್ವಿ ರಿ, ಎಷ್ಟು ಧೈರ್ಯ ರೀ ನಿಮಗ." ಅಕ್ಕ ಪ್ರತಿಯೊಬ್ಬರಿಗೂ ತಲೆಯಾಡಿಸಿದಳು. ತಾನು ತೋರಿಸದ ಧೈರ್ಯಕ್ಕೆ ಹೊಗಳಿಕೆ ಕೇಳುತ್ತ ಕುಳಿತಿದ್ದಳು. ಒಬ್ಬಾಕೆ ಮಾತ್ರ, ಹೊಸ ಗಿರಾಕಿ, ಅರ್ಜೆಂಟು ಇದೆ ಎಂದು ಕತ್ತರಿಸದ ಬಟ್ಟೆಯನ್ನು ವಾಪಸು ತೆಗೆದುಕೊಂಡು ಹೋದಳು. ಅಕ್ಕ ಅದನ್ನು ನೀಟಾಗಿ ಮಡಚಿ ಕೊಟ್ಟಳು.

ಮರುವಾರದಿಂದ ಆಕೆ ಬಜಾರಿಗೆ ಹೋಗುವುದನ್ನು ಬಿಟ್ಟಳು. ಹೋಗಲೇಬೇಕಾದಾಗ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು. ಹದಿನೈದು ವರ್ಷದಲ್ಲಿ ಆಕೆಯನ್ನು ಹಾಗೆ ನಾನು ಒಮ್ಮೆಯೂ ನೋಡಿರಲಿಲ್ಲ. ದಾರ, ಹುಕ್ಕು, ಲೈನಿಂಗು ಬಟ್ಟೆ ತರುವುದು ನನ್ನ ಕೆಲಸವಾಯಿತು. ನಾನು ತಂದ ದಾರದ ಬಣ್ಣ ಕೂಡುತ್ತಿರಲಿಲ್ಲ. ಆಕೆ ಬೈಯುತ್ತಿರಲಿಲ್ಲ, ಅದರಲ್ಲೇ ಹೊಲಿಯುತ್ತಿದ್ದಳು.

ಸರಿಪಡಿಸಲು ನಾನು ಏನೇನೋ ಮಾಡಿದೆ, ಎಲ್ಲವೂ ಪೆದ್ದು ಕೆಲಸಗಳೇ. ಒಂದು ದಿನ ಒಳ್ಳೆಯ ಬಿಳಿ ಹಾಳೆ ತಂದು, ನೆನಪಿನಿಂದ ಆಕೆಯ ಮುಖವನ್ನು ಮಚ್ಚೆಯಿಲ್ಲದೆ ಬಹಳ ನಾಜೂಕಾಗಿ ಬರೆದು ಆಕೆಯ ಯಂತ್ರದ ಮೇಲೆ ಇಟ್ಟೆ. ಅಕ್ಕ ಕನ್ನಡಕ ಹಾಕಿಕೊಂಡು ನೋಡಿದಳು.

"ಇದು ಯಾರು?" ಅಂದಳು.

ಅದರಲ್ಲಿ ವ್ಯಂಗ್ಯ ಇರಲಿಲ್ಲ. ಆಕೆಗೆ ನಿಜಕ್ಕೂ ಗುರುತು ಸಿಗಲಿಲ್ಲ ಎಂದು ನನಗೆ ಗೊತ್ತಾಯಿತು. ನನ್ನ ಕಣ್ಣಲ್ಲಿ ನೀರು ಬಂತು. ಆಕೆ ಹಾಳೆಯನ್ನು ತಿರುವಿ, ಅದರ ಬೆನ್ನಿನ ಮೇಲೆ ಯಾರದೋ ಕುತ್ತಿಗೆಯ ಅಳತೆ ಬರೆದುಕೊಂಡಳು. ಆ ದಿನವೇ ಇದ್ದಿಲಿನ ಡಬ್ಬಿಯನ್ನು ಹಿತ್ತಲಿನ ಗೋಡೆಯ ಮಾಡಿನಲ್ಲಿಟ್ಟು ಚಿತ್ರ ಬಿಟ್ಟೆ. ಪ್ರದರ್ಶನಕ್ಕೂ ಹೋಗಲಿಲ್ಲ. ಮೊದಲೇ ತಲುಪಿಸಿದ್ದ ಉಳಿದ ಏಳು ಚಿತ್ರ ಅಲ್ಲಿ ತೂಗುಹಾಕಿದ್ದರಂತೆ.

ಶ್ರಾವಣದ ಒಂದು ಭಾನುವಾರ ನಾನು ಹಿತ್ತಲಲ್ಲಿ ಕಾಳು ಹಸನು ಮಾಡುತ್ತಿದ್ದೆ. ಅಕ್ಕ ಕೇರಂ ಬೋರ್ಡು, ಒಂದು ಕಂದು ಕಾಗದ ಹಿಡಿದುಕೊಂಡು ಬಂದಳು. ಮಾಡಿನಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು.

"ಕುಂದ್ರು ಅಲ್ಲೇ. ಅಲಗ್ಯಾಡಬ್ಯಾಡ," ಅಂದಳು. "ನಾನೂ ಬರದು ನೋಡ್ತೀನಿ."

ನಾನು ಮೊರವನ್ನು ಪಕ್ಕಕ್ಕಿಟ್ಟು ಕುಳಿತೆ. ಆಕೆ ಬಟ್ಟೆಯ ಮೇಲೆ ಗೆರೆ ಹಾಕುವವಳಂತೆ ಬರೆಯುತ್ತಿದ್ದಳು, ಒಂದೇ ಎಳೆತಕ್ಕೆ, ತಡವರಿಸದೆ. ಇಷ್ಟು ಹೊತ್ತು ಯಾರೂ ನನ್ನನ್ನು ಹೀಗೆ ನೋಡಿರಲಿಲ್ಲ. ನನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೂಗು, ಬಾಯಿ, ಗಲ್ಲ ಆಯಿತು. ಆಮೇಲೆ ಆಕೆಯ ಕೈ ನಿಂತಿತು.

ನನ್ನ ಕುತ್ತಿಗೆಯ ಅರ್ಧದಿಂದ ಹೆಗಲಿನವರೆಗೆ ಒಂದು ಸುಟ್ಟ ಗಾಯದ ಗುರುತಿದೆ. ಮಗುವಾಗಿದ್ದಾಗ ಬಿಸಿನೀರು ಬಿದ್ದದ್ದು. ಚರ್ಮ ಹಗ್ಗದಂತೆ ಸುತ್ತಿಕೊಂಡಿದೆ. ಅದು ಹೊರಗಿನವರಿಗೆ ಕಾಣುವುದಿಲ್ಲ, ಏಕೆಂದರೆ ನನ್ನ ಬ್ಲೌಸುಗಳಿಗೆಲ್ಲ ಎತ್ತರದ ಕಾಲರು ಇರುತ್ತದೆ. ಮದುವೆಯಾಗಿ ಬಂದ ವಾರ ನನ್ನ ಅಳತೆ ತೆಗೆದುಕೊಂಡ ಅಕ್ಕ ಆ ಆರು ಬ್ಲೌಸಿಗೂ ಕಾಲರು ಇಟ್ಟು ಹೊಲಿದಿದ್ದಳು. ನಾನು ಕೇಳಿರಲಿಲ್ಲ. ಏಕೆ ಎಂದು ಆಕೆಯೂ ಹೇಳಿರಲಿಲ್ಲ. ಅಂದಿನಿಂದ ಇಂದಿನವರೆಗೆ ಒಂದು ಮಾತು ಆಡದೆ ಕಾಲರು ಹೊಲಿಯುತ್ತಲೇ ಬಂದಿದ್ದಳು. ಅವತ್ತು ಮನೆಯಲ್ಲಿ ನೈಟಿ ಹಾಕಿಕೊಂಡಿದ್ದೆ, ಕುತ್ತಿಗೆ ತೆರೆದಿತ್ತು.

ಆಕೆ ಇದ್ದಿಲಿನ ತುದಿಯಿಂದ ನನ್ನ ಕುತ್ತಿಗೆಯ ಕಡೆ ತೋರಿಸಿದಳು.

"ಇದನ್ನ ಬರೀಲೋ, ಬಿಡ್ಲೋ?"

ಮೆಲ್ಲಗೆ, ಗಿರಾಕಿಯನ್ನು ತೋಳು ಉದ್ದ ಬೇಕೋ ಗಿಡ್ಡ ಬೇಕೋ ಎಂದು ಕೇಳುವ ದನಿಯಲ್ಲೇ ಕೇಳಿದಳು. ಬರಿ ಅನ್ನಬೇಕೆಂದು ನನಗೆ ಗೊತ್ತಿತ್ತು. ಆಕೆಯ ಮುಖವನ್ನು ನಾಲ್ಕೂರಿಗೆ ಕಳಿಸಿದವಳು ನಾನು. ಬಾಯಿ ತೆರೆದೆ. ಆದರೆ ಬಂದ ಮಾತು ಬೇರೆ.

"ಬಿಡಕ್ಕ," ಅಂದೆ.

"ಆತು," ಎಂದು ಆಕೆ ಅಲ್ಲೊಂದು ಕಾಲರು ಬರೆದಳು. ಕಾಲರು ಮಾತ್ರ ಬಹಳ ಸರಿಯಾಗಿ ಬಂದಿತ್ತು, ತುದಿಯ ಹೊಲಿಗೆ ಕೂಡ. "ಮೂಗು ಉದ್ದ ಆತು ನೋಡು ನಿಂದು," ಎಂದು ಕಾಗದವನ್ನು ದೂರ ಹಿಡಿದು ನೋಡಿ, ಎದ್ದು ಕೈ ತೊಳೆಯಲು ಹೋದಳು. ನಾನು ಅಲ್ಲೇ ಕುಳಿತು ಅತ್ತೆ. ಆಕೆ ಬಂದು ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ.

ಅಂದಿನಿಂದ ಮನೆಯಲ್ಲಿ ಎಲ್ಲ ಸರಿಹೋಯಿತು ಎಂದು ಬರೆದರೆ ಅದೊಂದು ಸುಳ್ಳಾಗುತ್ತದೆ. ಅಕ್ಕ ಈಗ ದಾರದ ಅಂಗಡಿಗೆ ತಾನೇ ಹೋಗುತ್ತಾಳೆ, ಮುಖ ಮುಚ್ಚಿಕೊಳ್ಳದೆ. ಆದರೆ ಫ್ರೇಮ್ ಅಂಗಡಿಯ ಬೀದಿ ಬಿಟ್ಟು ಸುತ್ತು ಹಾಕಿ ಹೋಗುತ್ತಾಳೆ. ಹಡಗಲಿಯ ಬಸ್ಸು ಹತ್ತಿದರೆ ಸೆರಗು ಮೇಲಕ್ಕೆ ಬರುತ್ತದೆ. ನಾನು ಮತ್ತೆ ಇದ್ದಿಲು ಸುಡುತ್ತೇನೆ. ಹೂಜಿ, ಮೊರ, ಯಂತ್ರದ ಚಕ್ರ, ಶಾಲೆಯ ಮುಂದಿನ ಬೇವಿನ ಮರ ಬರೆಯುತ್ತೇನೆ. ಮಕ್ಕಳ ಮುಖ ಬರೆಯಬೇಕೆನಿಸಿದರೆ ಕೇಳುತ್ತೇನೆ. ಕೆಲವರು ಬೇಡ ಅನ್ನುತ್ತಾರೆ. ಆ ಚಿತ್ರ ಅಕ್ಕನ ಟ್ರಂಕಿನಲ್ಲಿದೆ, ರಟ್ಟು ಬಡಿಯದ ಚೌಕಟ್ಟಿನೊಂದಿಗೆ. ತೋರಿಸು ಎಂದು ನಾನು ಕೇಳಿಲ್ಲ.

ಈ ವರ್ಷ ಹರಪನಹಳ್ಳಿಯ ಮೇಡಂ ಮತ್ತೆ ಬರೆದರು. ಪ್ರದರ್ಶನ ಈ ಸಲ ದೊಡ್ಡದಾಗಿ ಮಾಡುತ್ತಿದ್ದಾರೆ. ಆ ಚಿತ್ರದ ಬಗ್ಗೆ ನಿಮ್ಮ ಅಕ್ಕನವರನ್ನು ಒಮ್ಮೆ ಕೇಳಿ ನೋಡಬಹುದೇ, ಅವರು ಇಲ್ಲವೆಂದರೆ ಖಂಡಿತ ಬೇಡ, ಎಂದಿದ್ದರು. ನಾನು ಎರಡು ದಿನ ಫೋನನ್ನು ಕೈಯಲ್ಲಿ ಹಿಡಿದು ತಿರುಗಾಡಿದೆ. ಮೂರನೆಯ ದಿನ ಅಕ್ಕನ ಮುಂದೆ ಸ್ಟೂಲು ಎಳೆದುಕೊಂಡು ಕುಳಿತು, ಅವರು ಬರೆದದ್ದನ್ನು ಇದ್ದ ಹಾಗೆ ಓದಿ ಹೇಳಿದೆ.

"ಬ್ಯಾಡ," ಅಂದಳು ಅಕ್ಕ. ಯಂತ್ರ ನಿಲ್ಲಿಸಲಿಲ್ಲ.

ಆಕೆಯ ಎದುರೇ ಕುಳಿತು ಮೇಡಂಗೆ ಹಾಗೆಯೇ ಬರೆದು ಕಳಿಸಿದೆ. ಇಷ್ಟೆಲ್ಲ ಆದ ಮೇಲೂ, ಆಕೆ ಹೂಂ ಅನ್ನಬಹುದೆಂದು ನಾನು ಕಾಯುತ್ತಿದ್ದೆ. ಅದು ಬಟನ್ ಒತ್ತುವಾಗ ಗೊತ್ತಾಯಿತು. ಮೇಡಂ ಉತ್ತರ ಕೂಡಲೇ ಬಂತು.

"ಏನಂದ್ರು?" ಅಕ್ಕ ಕೇಳಿದಳು.

"ಸರಿ ಅಂದ್ರು. ಮತ್ತ ಕೇಳಂಗಿಲ್ಲ ಅಂದ್ರು."

ಆಕೆ ಚಕ್ರಕ್ಕೆ ಕೈಯೊತ್ತಿ ಯಂತ್ರವನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ನಿನಗ ಬ್ಯಾಸರ ಆತೇನು?"

ಇಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡೆ.

"ಹೂಂ ಅಕ್ಕ. ಆತು."

"ಆಗ್ಲಿ," ಎಂದು ಆಕೆ ಮತ್ತೆ ಪೆಡಲು ತುಳಿದಳು.